ರೀಡಿಂಗ್ ಬರೆದುಕೊಂಡ ಹುಡುಗಿ

ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ, ಮೈಕ್ರೋವೇವ್ ಲ್ಯಾಬು. ಮಧ್ಯಾಹ್ನ ಎರಡರಿಂದ ಐದು. ಬೆಂಚಿನ ಒಂದು ತುದಿಯಲ್ಲಿ ಅಲೆ ಹುಟ್ಟಿಸುವ ಕ್ಲೈಸ್ಟ್ರಾನ್, ಅದು ಕಾಯದ ಹಾಗೆ ಗಾಳಿ ಹಾಯಿಸುವ ಪುಟ್ಟ ಫ್ಯಾನು, ಅಲ್ಲಿಂದ ಸಾಲಾಗಿ ಜೋಡಿಸಿದ ವೇವ್‌ಗೈಡ್ ತುಂಡುಗಳು. ಬೆಂಕಿಪೊಟ್ಟಣದ ಖೋಲಿನಂಥ ಆಯತಾಕಾರದ ಲೋಹದ ಕೊಳವೆ; ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ 10.16. ನಡುವಿನ ಒಂದು ತುಂಡಿನ ನೆತ್ತಿಯ ಮೇಲೆ ಉದ್ದಕ್ಕೂ ಸೀಳು ಬಿಟ್ಟಿರುತ್ತಾರೆ. ಆ ಸೀಳಿನೊಳಗೆ ಸೂಜಿಯಂಥ ಪ್ರೋಬ್ ಇಳಿದಿರುತ್ತದೆ. ತಿರುಪು ತಿರುಗಿಸುತ್ತ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಬೇಕು. ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ತೀರಾ ತಗ್ಗಿಗೆ ಬಂದಲ್ಲಿ ನಿಲ್ಲಿಸಿ ವರ್ನಿಯರ್ ಓದಬೇಕು. ಮುಂದಿನ ತಗ್ಗು ಸುಮಾರು ಎರಡೂವರೆ ಸೆಂಟಿಮೀಟರ್ ಆಚೆ. ಆ ದೂರವನ್ನು ಎರಡರಿಂದ ಗುಣಿಸಿದರೆ ಕೊಳವೆಯೊಳಗೆ ಓಡುತ್ತಿರುವ ಅಲೆಯ ಉದ್ದ ಕೈಗೆ ಸಿಕ್ಕಿತು. ಕಣ್ಣಿಗೆ ಕಾಣದ್ದನ್ನು ಬೆರಳ ತುದಿಯಲ್ಲಿ ಅಳೆಯುವ ಆ ಕೆಲಸದಲ್ಲಿ ಒಂದು ಪುಳಕವಿದೆ.

ಆ ಪುಳಕ ನನಗೆ ಸಿಗಲಿಲ್ಲ. ನಮ್ಮ ಬ್ಯಾಚಿನಲ್ಲಿ ಮೂವರು ಹುಡುಗರು, ನಾನೊಬ್ಬಳು. ಮೊದಲ ದಿನವೇ ಒಬ್ಬ ಹೇಳಿದ: “ನಿನ್ನ ಅಕ್ಷರ ಚೆನ್ನಾಗಿದೆ ಕಣೇ, ನೀನು ರೀಡಿಂಗ್ ಬರ್ಕೋ.” ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೂ ಆಗ ಅದು ಹೊಗಳಿಕೆಯ ಹಾಗೇ ಕೇಳಿಸಿತು. ಸೆಮಿಸ್ಟರ್ ಪೂರ್ತಿ ಬರೆದುಕೊಂಡೆ, ಗ್ರಾಫ್ ಎಳೆದೆ, ನಾಲ್ವರ ರೆಕಾರ್ಡೂ ನನ್ನದನ್ನು ನೋಡಿಯೇ ತಯಾರಾಯಿತು. ಪರೀಕ್ಷೆಯ ದಿನ ಒಬ್ಬೊಬ್ಬರೇ ಬೆಂಚಿನ ಮುಂದೆ ನಿಂತಾಗ ರಿಪೆಲ್ಲರ್ ವೋಲ್ಟೇಜಿನ ಗುಂಡಿಯನ್ನು ಎತ್ತ ತಿರುಗಿಸಬೇಕೆಂದು ನನ್ನ ಕೈಗೆ ಗೊತ್ತಿರಲಿಲ್ಲ. ಥಿಯರಿ ಪೂರ್ತಿ ಬಾಯಿಪಾಠವಿತ್ತು, ಕೈ ಮಾತ್ರ ನಡುಗುತ್ತಿತ್ತು.

ಅದೇ ವರ್ಷ ರೆಫರೆನ್ಸ್ ಪಟ್ಟಿಯಲ್ಲಿ ‘ಆರ್. ಚಟರ್ಜಿ’ ಎಂಬ ಹೆಸರು ಬರೆದುಕೊಂಡಿದ್ದು ನೆನಪಿದೆ. ಯಾರೋ ಬಂಗಾಳದ ಮೇಷ್ಟ್ರು ಅಂದುಕೊಂಡಿದ್ದೆ. ಆರ್. ಅಂದರೆ ರಾಜೇಶ್ವರಿ, ಅವರು ನಂಜನಗೂಡಿನ ಮನೆತನದ ಕನ್ನಡತಿ, ಆ ಬೆಂಚಿನ ಮೇಲಿದ್ದ ವಿದ್ಯೆಯನ್ನು ಈ ನಾಡಿನಲ್ಲಿ ಬೇರೂರಿಸಿದವರಲ್ಲಿ ಮೊದಲಿಗರು ಎಂದು ಯಾರೂ ಹೇಳಲಿಲ್ಲ. ನನಗೆ ಅದು ತಿಳಿದದ್ದು ಮಗಳು ಹುಟ್ಟಿದ ಎಷ್ಟೋ ವರ್ಷಗಳ ಮೇಲೆ.

ನಾನೀಗ ಇರುವುದು ಅಮೃತಹಳ್ಳಿಯಲ್ಲಿ. ಇಲ್ಲಿಂದ ಬಳ್ಳಾರಿ ರಸ್ತೆ ಹಿಡಿದು, ಹೆಬ್ಬಾಳದ ಮೇಲ್ಸೇತುವೆ ದಾಟಿ, ಮೇಖ್ರಿ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿ ಯಶವಂತಪುರದ ಕಡೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ರಾಜೇಶ್ವರಿ ಚಟರ್ಜಿ ಅಲ್ಲಿಗೆ ಸಂಶೋಧನಾ ವಿದ್ಯಾರ್ಥಿಯಾಗಿ ಕಾಲಿಟ್ಟದ್ದು 1943ರಲ್ಲಿ. ಆಗ ಅವರಿಗೆ ಇಪ್ಪತ್ತೊಂದು.

ಆದರೆ ಅವರ ಕತೆಯನ್ನು ಅಜ್ಜಿಯಿಂದ ಶುರು ಮಾಡಬೇಕು. ಕಮಲಮ್ಮ ದಾಸಪ್ಪ ಹಳೇ ಮೈಸೂರು ಸಂಸ್ಥಾನದ ಮೊತ್ತಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಿ ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ದುಡಿದವರು. ಬೆಂಗಳೂರಿನ ಮಹಿಳಾ ಸೇವಾ ಸಮಾಜ ಅವರ ಶ್ರಮದಿಂದ ಬೆಳೆದದ್ದು. ಮೊಮ್ಮಗಳು ಕಲಿತದ್ದೂ ಆ ಸಮಾಜದ ಶಾಲೆಯಲ್ಲೇ. ಹೆಣ್ಣುಮಕ್ಕಳು ಗಣಿತ ಕಲಿಯಬೇಕೆ ಎಂಬ ಪ್ರಶ್ನೆ ಆ ಮನೆಯಲ್ಲಿ ಅಜ್ಜಿಯ ಕಾಲಕ್ಕೇ ಇತ್ಯರ್ಥವಾಗಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ರಾಜೇಶ್ವರಿ ಗಣಿತದಲ್ಲೇ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮುಗಿಸಿದರು, ಬಹುಮಾನಗಳನ್ನೂ ತಂದರು. ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬೇಕೆಂದು ಹೋಗಿ ಕೇಳಿದರು. ಭೌತವಿಜ್ಞಾನದ ಪದವಿ ಇಲ್ಲವೆಂದು ರಾಮನ್ ಒಪ್ಪಲಿಲ್ಲ. ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿದ್ಯುತ್ ತಂತ್ರಜ್ಞಾನ ವಿಭಾಗದ ಸಂವಹನ ಶಾಖೆಯಲ್ಲಿ ಎಸ್.ಪಿ. ಚಕ್ರವರ್ತಿ ಇದ್ದರು. ಅವರು ಬಾ ಎಂದರು. ರಾಮನ್ ಅಂದು ಒಪ್ಪಿಬಿಟ್ಟಿದ್ದರೆ ನಮಗೆ ಈ ಎಂಜಿನಿಯರ್ ಸಿಗುತ್ತಿದ್ದರೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಎರಡನೇ ಮಹಾಯುದ್ಧದ ಕಾಲ ಅದು. ಕತ್ತಲಲ್ಲಿ ವಿಮಾನ ಕಂಡುಹಿಡಿಯುವ ರೇಡಾರಿನ ಹಿಂದೆ ಇದ್ದದ್ದು ಇದೇ ಕಿರಿಯ ಅಲೆಗಳು. ಯುದ್ಧ ಮುಗಿದ ಮೇಲೆ ದೆಹಲಿಯ ಮಧ್ಯಂತರ ಸರ್ಕಾರ ಪ್ರತಿಭಾವಂತ ತರುಣ ತರುಣಿಯರನ್ನು ಆರಿಸಿ ವಿದೇಶಕ್ಕೆ ಕಳಿಸತೊಡಗಿತು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಹಾಕಿದರು, ಆಯ್ಕೆಯಾದರು. 1947ರ ಜುಲೈ. ಸ್ವಾತಂತ್ರ್ಯಕ್ಕೆ ಇನ್ನೊಂದೇ ತಿಂಗಳು. ಸೈನಿಕರನ್ನು ಸಾಗಿಸುತ್ತಿದ್ದ ಹಡಗನ್ನು ಪ್ರಯಾಣಿಕರಿಗಾಗಿ ಬದಲಾಯಿಸಿದ್ದರು. ಅದರಲ್ಲಿ ಮೂವತ್ತು ದಿನದ ಪಯಣ. ಇಪ್ಪತ್ತೈದು ದಾಟಿದ ಮದುವೆಯಾಗದ ಹುಡುಗಿ, ಮೈಸೂರು ಸೀಮೆಯಿಂದ, ಒಬ್ಬಳೇ ಸಮುದ್ರ ದಾಟಿ ಅಮೆರಿಕಕ್ಕೆ! ಆ ಕಾಲದ ಮನೆಗಳು ಹೇಗಿದ್ದವೆಂದು ಬಲ್ಲವರಿಗೆ ಆ ಅನುಮತಿಯ ತೂಕ ಎಷ್ಟೆಂದು ಗೊತ್ತಾಗುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ. ಅದಾದ ಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು, ರೇಡಿಯೋ ಆವರ್ತನಗಳ ಅಳತೆಯಲ್ಲೇ ತರಬೇತಿ. ಅಂದರೆ ತಿರುಪು, ಪ್ರೋಬ್, ಮೀಟರ್, ಎಲ್ಲ ಅವರ ಕೈಯಲ್ಲೇ ಇತ್ತು. ಮತ್ತೆ ಮಿಷಿಗನ್ನಿಗೆ, ಏಷ್ಯಾದ ಹೆಣ್ಣುಮಕ್ಕಳಿಗಾಗಿ ಇದ್ದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ. ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರ ಮೊದಲಲ್ಲಿ ಪಿಎಚ್.ಡಿ. ಮುಗಿಯಿತು. ವಾಪಸಾದರು. ವಿಜ್ಞಾನ ಸಂಸ್ಥೆ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾಗಿ ತೆಗೆದುಕೊಂಡಿತು. ಆ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಕಲಿಸಿದ ಮೊದಲ ಹೆಣ್ಣುಮಗಳು, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಅದೇ ವರ್ಷ ವಿಭಾಗದ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮದುವೆ. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ದೇಶದಲ್ಲೇ ಆ ಬಗೆಯ ಮೊದಲ ಕೆಲಸಗಳಲ್ಲಿ ಅದೊಂದು. ರಾಜೇಶ್ವರಿ ಅವರ ಕೈಕೆಳಗೆ ಇಪ್ಪತ್ತು ಮಂದಿ ಪಿಎಚ್.ಡಿ. ಮಾಡಿದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ. 1982ರಲ್ಲಿ ನಿವೃತ್ತಿಯಾದ ಮೇಲೆ ಮಹಿಳಾ ಅಧ್ಯಯನದ ಕಡೆ, ಸಮಾಜಸೇವೆಯ ಕಡೆ ಹೊರಳಿದರು. ಅಜ್ಜಿಯ ದಾರಿಗೇ ಬಂದು ಸೇರಿದರು ಅನ್ನಬಹುದು. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಈ ಬದುಕನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಬುದ್ಧಿಶಕ್ತಿಗಿಂತ ಹೆಚ್ಚಾಗಿ ಅವರಿಗೆ ಎಲ್ಲೂ ದಾರಿ ತುಂಡಾಗಲಿಲ್ಲ ಎಂಬ ಸಂಗತಿ. ಶಾಲೆ ಕಟ್ಟಿದ ಅಜ್ಜಿ, ಬಾ ಎಂದ ಗುರು, ಎರಡೆರಡು ವಿದ್ಯಾರ್ಥಿವೇತನ, ಓದು ಮುಗಿಸಿ ಬಂದಾಗ ಕಾದಿದ್ದ ಕೆಲಸ, ಅದೇ ಬೆಂಚಿನಲ್ಲಿ ಜೊತೆಗೆ ಕೂತ ಗಂಡ. ಇವುಗಳಲ್ಲಿ ಒಂದೇ ಒಂದು ಕೊಂಡಿ ಕಳಚಿದ್ದರೂ ಸಾಕಿತ್ತು. ‘ಮೊದಲ ಮಹಿಳೆ’ ಎಂದು ನಾವು ಫೋಟೋ ಹಾಕಿ ಬರೆಯುವಾಗ ಈ ಕೊಂಡಿಗಳನ್ನು ಬಿಟ್ಟುಬಿಡುತ್ತೇವೆ. ಹುಡುಗಿ ಧೈರ್ಯವಂತೆ, ಛಲಗಾರ್ತಿ ಎಂದು ಮುಗಿಸುತ್ತೇವೆ. ಛಲ ಇರುವ ಹುಡುಗಿಯರು ಈ ನಾಡಿನಲ್ಲಿ ಯಾವತ್ತೂ ಇದ್ದರು.

ಮದ್ರಾಸಿನ ಎ. ಲಲಿತಾ ಅವರ ಕತೆಯಲ್ಲೂ ಅದೇ. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ಕೈಯಲ್ಲಿ ನಾಲ್ಕು ತಿಂಗಳ ಕೂಸು, ಆಗಲೇ ಗಂಡ ಇಲ್ಲ. ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತಂದೆ ಪಪ್ಪು ಸುಬ್ಬರಾವ್ ಮಗಳನ್ನು ಅಲ್ಲಿಗೇ ಸೇರಿಸಲು ಹಟ ಹಿಡಿದರು. 1943ರಲ್ಲಿ ಆಕೆ ದೇಶದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಪದವಿ ಪತ್ರದ ಅಚ್ಚಿನಲ್ಲಿ ‘ಅವನು’ ಎಂಬುದಕ್ಕೆ ಮಾತ್ರ ಜಾಗವಿತ್ತು. ಇಂಗ್ಲಿಷಿನ ಆ ‘ಹಿ’ಯನ್ನು ಹೊಡೆದುಹಾಕಿ ಕೈಯಲ್ಲಿ ‘ಷಿ’ ಎಂದು ಬರೆದುಕೊಟ್ಟರು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿಗೆ 1960ರ ದಶಕದ ಕೊನೆಯಲ್ಲಿ ಸೇರಿದ ಸುಧಾ ಮೂರ್ತಿಯವರು ಕಾಲೇಜಿಗೆ ಒಬ್ಬರೇ ಹುಡುಗಿ, ಅಲ್ಲಿ ಹೆಂಗಸರ ಶೌಚಾಲಯವೇ ಇರಲಿಲ್ಲ ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಪ್ರತಿಭೆ ಎಷ್ಟೇ ಇರಲಿ, ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುವುದು ಎಂಥ ಶಿಕ್ಷೆ ಎಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಇಂದಿನ ಅಮೃತಹಳ್ಳಿಯ ಬೆಳಗು ಬೇರೆಯೇ. ಏಳು ಗಂಟೆಗೆ ಮುಖ್ಯರಸ್ತೆಯ ಇಕ್ಕೆಲದ ಪಿಜಿಗಳಿಂದ ಹುಡುಗಿಯರು ಹೊರಬೀಳುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಒಬ್ಬಳ ತಲೆ ಇನ್ನೂ ಒದ್ದೆ. ಒಂದು ಗುಂಪು ಬ್ಯಾಟರಾಯನಪುರದ ಕಡೆ ನಡೆದು ಯಲಹಂಕದ ಕಾಲೇಜುಗಳ ಬಸ್ಸು ಹಿಡಿಯುತ್ತದೆ, ಇನ್ನೊಂದು ಮಾನ್ಯತಾ ಟೆಕ್ ಪಾರ್ಕಿನ ಕ್ಯಾಬಿಗೆ ಕಾಯುತ್ತದೆ. ಕಲಬುರಗಿಯ ಕನ್ನಡ, ದಾವಣಗೆರೆಯ ಕನ್ನಡ, ಚಿಂತಾಮಣಿಯ ತೆಲುಗು ಬೆರೆತ ಕನ್ನಡ, ಎಲ್ಲ ಇಡ್ಲಿ ಅಂಗಡಿಯ ಮುಂದೆ ಒಟ್ಟಿಗೆ ಕೇಳುತ್ತವೆ. 2023ರ ಜೂನಿನಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ದಿನವೂ ಓಡಾಡಿ ಓದುವ ಹುಡುಗಿಯರ ಮನೆಯಲ್ಲಿ ಇದರ ಬೆಲೆ ಗೊತ್ತು. ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರಗತಿ ವಿದ್ಯಾರ್ಥಿವೇತನದಲ್ಲಿ ಆಯ್ಕೆಯಾದ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ, ಡಿಪ್ಲೊಮಾ ಓದುವವರಿಗೂ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟು ತೆರೆದರು. ಇಷ್ಟಾದರೂ ದೇಶದಲ್ಲಿ ಎಂಜಿನಿಯರಿಂಗ್ ಪದವಿ ಓದುವವರ ಪೈಕಿ ಹುಡುಗಿಯರು, 2020-21ರ ಉನ್ನತ ಶಿಕ್ಷಣ ಸಮೀಕ್ಷೆಯ ಲೆಕ್ಕದಲ್ಲಿ, ನೂರಕ್ಕೆ ಸುಮಾರು 29. ಅವರಲ್ಲಿ ಹೆಚ್ಚಿನವರು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಕಡೆಗೇ. “ಮೆಕ್ಯಾನಿಕಲ್ ಯಾಕಮ್ಮ, ಗ್ರೀಸು ಎಣ್ಣೆ ಅಂತ ಒದ್ದಾಡ್ತೀಯಾ” ಎಂಬ ಮಾತು ಇನ್ನೂ ನಮ್ಮ ಮನೆಗಳಲ್ಲಿ ನಡೆಯುತ್ತದೆ.

ನಮ್ಮ ಉತ್ತರ ಬೆಂಗಳೂರಿಗೆ ಹೆಮ್ಮೆಪಡಲು ಕಾರಣ ಬೇಕಾದಷ್ಟಿದೆ. ಇಸ್ರೋದ ಕೇಂದ್ರ ಕಚೇರಿ ಅಂತರಿಕ್ಷ ಭವನ ನ್ಯೂ ಬಿಇಎಲ್ ರಸ್ತೆಯಲ್ಲಿದೆ, ನಭೋನೌಕೆಗಳ ಮೇಲೆ ಕಣ್ಣಿಟ್ಟು ಕೂರುವ ಇಸ್‌ಟ್ರ್ಯಾಕ್ ಪೀಣ್ಯದಲ್ಲಿ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಅಲ್ಲಿ ತೆಗೆದ ಚಿತ್ರ ಲೋಕವನ್ನೆಲ್ಲ ಸುತ್ತಿತು: ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಒಬ್ಬರನ್ನೊಬ್ಬರು ತಬ್ಬಿ ನಗುತ್ತಿರುವ ಹೆಂಗಸರು. ನಾನೂ ಕತ್ತರಿಸಿ ಇಟ್ಟುಕೊಂಡಿದ್ದೆ. ಚಿತ್ರದಲ್ಲಿದ್ದವರು ಆಡಳಿತ ವಿಭಾಗದವರು ಎಂದು ಆಮೇಲೆ ಇಸ್ರೋ ತಿಳಿಸಿತು. ಅವರ ಸಂಭ್ರಮವೂ ನಿಜವಾದದ್ದೇ, ಅದು ಅವರ ಮನೆಯ ಹಬ್ಬ. ಆದರೆ ನಂದಿನಿ ಹರಿನಾಥ್, ರಿತು ಕರಿಧಾಲ್ ಅವರಂಥ ವಿಜ್ಞಾನಿಗಳು ಒಳಗೆ ಕೆಲಸದಲ್ಲಿದ್ದರು. ಕ್ಯಾಮೆರಾ ಅಲ್ಲಿಗೆ ಹೋಗಲಿಲ್ಲ.

ಅದಕ್ಕೂ ಮೂರು ವರ್ಷ ಮೊದಲಿನ ಘಟನೆಯಂತೂ ನಮ್ಮ ಜನಕ್ಕೆ ಅಷ್ಟಾಗಿ ಗೊತ್ತೇ ಇಲ್ಲ. 2011ರ ಜುಲೈ 15ರಂದು ಶ್ರೀಹರಿಕೋಟಾದಿಂದ ಹಾರಿದ ಜಿಸ್ಯಾಟ್-12, 1,410 ಕಿಲೋ ತೂಕದ ಸಂವಹನ ಉಪಗ್ರಹ. ರಾಕೆಟ್ ಅದನ್ನು ಬಿಟ್ಟುಬಂದದ್ದು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ. ಅಲ್ಲಿಂದ ಉಪಗ್ರಹದ ಸ್ವಂತ ಎಂಜಿನ್ನನ್ನು ಲೆಕ್ಕ ಹಾಕಿ ಉರಿಸಿ, ನಿಲ್ಲಿಸಿ, ಮತ್ತೆ ಉರಿಸಿ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಒಂದು ಲೆಕ್ಕ ತಪ್ಪಿದರೆ ಇಂಧನ ಹೋಯಿತು, ಉಪಗ್ರಹದ ಆಯುಸ್ಸೂ ಹೋಯಿತು. ಹಾಸನದ ನಿಯಂತ್ರಣ ಕೇಂದ್ರದಿಂದ ಈ ಕೆಲಸ ನಡೆಸಿದ ತಂಡದ ಚುಕ್ಕಾಣಿ ಹಿಡಿದವರು ಮೂವರು ಮಹಿಳೆಯರು: ಟಿ.ಕೆ. ಅನುರಾಧಾ, ಪ್ರಮೋದಾ ಹೆಗಡೆ, ಅನುರಾಧಾ ಪ್ರಕಾಶಂ. ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ ಬೆಂಗಳೂರಿನವರು, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1982ರಲ್ಲಿ ಇಸ್ರೋ ಸೇರಿದವರು. ಒಂಬತ್ತು ವರ್ಷದವರಿದ್ದಾಗ ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ಕೇಳಿದರು. ಮನೆಯಲ್ಲಿ ಟಿವಿ ಇಲ್ಲದ ಕಾಲ. ಅಪ್ಪ ಅಮ್ಮ, ಮೇಷ್ಟ್ರುಗಳ ಬಾಯಲ್ಲಿ ಕೇಳಿದ್ದನ್ನೇ ಕಲ್ಪಿಸಿಕೊಂಡು ಕನ್ನಡದಲ್ಲಿ ಒಂದು ಪದ್ಯ ಬರೆದರಂತೆ. ಆ ಮಗುವಿಗೆ ಯಾರೂ “ಇದೆಲ್ಲ ನಿನಗ್ಯಾಕೆ” ಅನ್ನಲಿಲ್ಲವಲ್ಲ, ಆ ಮನೆಗೂ ಶಾಲೆಗೂ ನಾವು ಋಣಿಗಳು.

ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗದ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಜಮ್ಮು ಕಾಶ್ಮೀರದ ಚಿನಾಬ್ ರೈಲು ಸೇತುವೆಗೆ 17 ವರ್ಷ ಭೂತಾಂತ್ರಿಕ ಸಲಹೆಗಾರರಾಗಿದ್ದರು. ನದಿಯಿಂದ 359 ಮೀಟರ್ ಎತ್ತರದ ಸೇತುವೆ, ಕಾಲೂರಬೇಕಾದದ್ದು ಸೀಳು ಸೀಳಾದ ಬಂಡೆಯ ಇಳಿಜಾರಿನ ಮೇಲೆ. ಅಗೆದಂತೆಲ್ಲ ಬಂಡೆಯ ಗುಣ ಬದಲಾಗುತ್ತಿತ್ತು, ವಿನ್ಯಾಸವನ್ನೂ ಬದಲಿಸುತ್ತ ಹೋಗಬೇಕಿತ್ತು. 2025ರ ಜೂನ್ 6ರಂದು ಸೇತುವೆ ಉದ್ಘಾಟನೆಯಾದಾಗ ಮಾಧ್ಯಮಗಳೆಲ್ಲ ಅವರನ್ನು ಹಾಡಿ ಹೊಗಳಿದವು. ನಾನು ಸಾವಿರಾರು ಜನರಲ್ಲಿ ಒಬ್ಬಳು, ಪವಾಡ ಮಾಡಿದಳು ಎಂಬಂಥ ಮಾತು ಬೇಡ ಎಂದು ಅವರೇ ಬರೆದರು. ಆ ಮಾತಿನಲ್ಲಿ ನನಗೆ ಬರೀ ವಿನಯ ಕಾಣುವುದಿಲ್ಲ. ಒಬ್ಬಳನ್ನು ಪವಾಡವೆಂದು ಪೂಜಿಸಿದರೆ ಉಳಿದವರು “ನಮ್ಮಿಂದಾಗದು” ಎಂದು ದೂರ ಸರಿಯುತ್ತಾರೆ. ಕೆಲಸ ಎಂದು ನೋಡಿದರೆ ಹತ್ತಿರ ಬರುತ್ತಾರೆ.

ನಾನು ಹತ್ತಿರ ಹೋಗಿ ವಾಪಸು ಬಂದವಳು. ಪವರ್ ಸಪ್ಲೈ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಐದು ವರ್ಷ ಟೆಸ್ಟಿಂಗ್ ಮಾಡಿದೆ. ಅಲ್ಲಿ ನನ್ನ ಕೈಗೆ ಜೀವ ಬಂತು. ಸೋಲ್ಡರ್ ಹೊಗೆ, ಆಸಿಲೋಸ್ಕೋಪಿನ ಹಸಿರು ಗೆರೆ, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವ ದನಿಯಲ್ಲೇ ಎಲ್ಲೋ ತಪ್ಪಿದೆ ಎಂದು ಗೊತ್ತಾಗುವುದು. ಮಗಳು ಹುಟ್ಟಿದಾಗ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ಮೈಸೂರ್ ಪಾಕ್ ಹಂಚಿ, “ಯಾವಾಗ ಬೇಕಾದ್ರೂ ಬನ್ನಿ ಮೇಡಂ” ಎಂದು ಕಳಿಸಿಕೊಟ್ಟರು. ಎರಡು ವರ್ಷದ ಮೇಲೆ ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ಸರ್ಕ್ಯೂಟಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ನಾಲ್ಕು. ಆಮೇಲೆ ನಾನು ಹೋಗಲಿಲ್ಲ. ಇದನ್ನು ಇಷ್ಟು ವರ್ಷ “ನಾನೇ ಬಿಟ್ಟೆ” ಎಂದು ಹೇಳಿಕೊಂಡು ಬಂದಿದ್ದೇನೆ. ಈಗ ಹಾಗನ್ನಿಸುವುದಿಲ್ಲ.

2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ದೊಡ್ಡ ಗಾಜಿನ ಕಟ್ಟಡಗಳಿಗೆ ಅದು ಸಲ್ಲುತ್ತದೆ. ಇಪ್ಪತ್ತು, ಮೂವತ್ತು ಜನರ ಸಣ್ಣ ಕೈಗಾರಿಕೆ ಆ ಲೆಕ್ಕದ ಹೊರಗೆ ಉಳಿಯಿತು. 1948ರ ಕಾರ್ಖಾನೆ ಕಾಯ್ದೆ ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರನ್ನು ಕೆಲಸಕ್ಕೆ ಹಚ್ಚಕೂಡದು ಎನ್ನುತ್ತಿತ್ತು. ರಾಜ್ಯದಲ್ಲಿ 2019ರಲ್ಲಿ ಒಪ್ಪಿಗೆ, ವಾಹನ, ಭದ್ರತೆಯ ಷರತ್ತಿನ ಮೇಲೆ ರಾತ್ರಿ ಪಾಳಿಗೆ ಬಾಗಿಲು ತೆರೆಯಿತು. ಒಳ್ಳೆಯದೇ. ಆದರೆ ಬಾಗಿಲು ತೆರೆದ ಮೇಲೆ ಮಗು ಮಲಗುವುದೆಲ್ಲಿ ಎಂಬುದು ಮನೆಯ ಪ್ರಶ್ನೆಯಾಗಿಯೇ ಉಳಿದರೆ ಆ ಪಾಳಿಗೆ ಬರುವವರು ಮದುವೆಗೆ ಮುಂಚಿನ ಹುಡುಗಿಯರು ಮಾತ್ರ. ಒಂದೇ ಕೈಗಾರಿಕಾ ಬೀದಿಯ ಹತ್ತು ಸಣ್ಣ ಕಂಪನಿಗಳು ಸೇರಿ ಒಂದು ಶಿಶುಪಾಲನಾ ಕೋಣೆ ನಡೆಸಿದರೆ ಸಾಕು. ಇದಕ್ಕೆ ಹೊಸ ಕಾನೂನೇ ಬರಬೇಕೆಂದಿಲ್ಲ. ಮಾರ್ಚ್ 8ಕ್ಕೆ ಗುಲಾಬಿ ಕೊಡುವ ಆಡಳಿತ ವರ್ಗದವರಲ್ಲಿ ನಾನು ಕೈ ಮುಗಿದು ಕೇಳುವುದು ಇದನ್ನೇ. ಲ್ಯಾಬಿನ ಮೇಷ್ಟ್ರುಗಳಲ್ಲಿ ಕೇಳುವುದು ಇನ್ನೂ ಸಣ್ಣದು: ಪ್ರತಿ ವಾರ ಬ್ಯಾಚಿನೊಳಗೆ ಕೆಲಸ ಬದಲಾಯಿಸಿ. ಈ ವಾರ ಬರೆದುಕೊಂಡವರು ಮುಂದಿನ ವಾರ ತಿರುಪು ಹಿಡಿಯಲಿ.

ಕಳೆದ ತಿಂಗಳು ನಮ್ಮ ಅಡ್ಡರಸ್ತೆಯಲ್ಲಿ ಚರಂಡಿ ಕೆಲಸ ನಡೆಯುತ್ತಿತ್ತು. ಉತ್ತರ ಬೆಂಗಳೂರಿನವರಿಗೆ ಚರಂಡಿಯ ಇಳಿಜಾರು ಅಂದರೆ ಸಣ್ಣ ವಿಷಯವಲ್ಲ. ಯಲಹಂಕದ ಕೇಂದ್ರೀಯ ವಿಹಾರದ ಜನ 2021ರಲ್ಲಿ, ಮತ್ತೆ 2024ರಲ್ಲಿ, ಮನೆಯಿಂದ ದೋಣಿಯಲ್ಲಿ ಹೊರಬಂದದ್ದನ್ನು ನೋಡಿದವರು ನಾವು. ತರಕಾರಿ ತೆಗೆದುಕೊಂಡು ಬರುತ್ತಿದ್ದೆ. ಟ್ರೈಪಾಡಿನ ಮೇಲೆ ಆಟೋ ಲೆವೆಲ್ ನಿಲ್ಲಿಸಿಕೊಂಡು ಇಪ್ಪತ್ಮೂರು, ಇಪ್ಪತ್ನಾಲ್ಕರ ಹುಡುಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ತಲೆಗೆ ಹಳದಿ ಹೆಲ್ಮೆಟ್ಟು, ಚೂಡಿದಾರದ ಮೇಲೆ ಹೊಳೆಯುವ ಜಾಕೆಟ್ಟು, ಬೂಟಿನ ತುಂಬ ಕೆಂಪು ಮಣ್ಣು. ಗುಂಡಿಯೊಳಗೆ ಅಡ್ಡಗೆರೆಯ ಸ್ಟಾಫ್ ಹಿಡಿದು ನಿಂತಿದ್ದ ಮೇಸ್ತ್ರಿಗೆ ಐವತ್ತರ ಮೇಲೆ.

“ಅಣ್ಣ, ನೆಟ್ಟಗೆ ಹಿಡ್ಕೊಳ್ಳಿ, ಎಡಕ್ಕೆ ವಾಲ್ತಿದೆ... ಹಾಂ, ಅಷ್ಟೇ.” ತಿರುಪನ್ನು ಚೂರು ತಿರುಗಿಸಿದಳು. “ಒಂದು ಪಾಯಿಂಟ್ ಐದು ಎರಡು ಸೊನ್ನೆ.”

ಹಿಂದಿನ ಗುರುತಿನಲ್ಲಿ 1.485 ಬಂದಿತ್ತು. ಹತ್ತು ಮೀಟರಿಗೆ ಐದು ಸೆಂಟಿಮೀಟರ್ ಇಳಿಯಬೇಕು, ಮೂರೂವರೆಯಷ್ಟೇ ಇಳಿದಿದೆ.

“ಇನ್ನೂ ಒಂದೂವರೆ ಸೆಂಟಿಮೀಟರ್ ತೆಗೀಬೇಕಲ್ಲ ಅಣ್ಣ.”

“ಸರಿಯಾಗೇ ಕಾಣ್ತದಲ್ಲ ಮೇಡಂ,” ಅಂದ ಮೇಸ್ತ್ರಿ.

“ಕಣ್ಣಿಗೆ ಸರಿಯಾಗೇ ಕಾಣುತ್ತೆ. ಮಳೆ ಬಂದಾಗ ನೀರು ಇಲ್ಲೇ ನಿಲ್ಲುತ್ತೆ.”

ಮೇಸ್ತ್ರಿ ಸ್ಟಾಫ್ ಬದಿಗೊರಗಿಸಿ ಸನಿಕೆ ಎತ್ತಿಕೊಂಡ. ನಾನು ಚೀಲ ಕೆಳಗಿಟ್ಟು ನಿಂತೆ. ಕಾಲು ಗಂಟೆಯ ಮೇಲೆ ಸ್ಟಾಫ್ ಮತ್ತೆ ನಿಂತಿತು. ಅವಳು ಬಗ್ಗಿ ನೋಡಿ, “ಒಂದು ಪಾಯಿಂಟ್ ಐದು ಮೂರು ಐದು,” ಎಂದು ಕೂಗಿದಳು. ಪಕ್ಕದಲ್ಲಿ ಫೀಲ್ಡ್ ಬುಕ್ ಹಿಡಿದು ಕೂತಿದ್ದ ಟ್ರೈನಿ ಹುಡುಗ ಬರೆದುಕೊಂಡ.